ಪತ್ರದ ಅಳತೆಗೂ ಗಡಿಕಲ್ಲಿಗೂ ತಾಳೆಯಾಗದಿದ್ದರೆ ಯಾವುದನ್ನು ನಂಬಬೇಕು?

ಪ್ರಶ್ನೆ: ನಾನು ಭೂಮಾಪನದ ತರಬೇತಿಯಲ್ಲಿದ್ದೇನೆ. ಕ್ರಯಪತ್ರದಲ್ಲಿ ಜಮೀನಿನ ಒಂದು ಬದಿಯ ಉದ್ದ 60.00 ಮೀಟರ್ ಎಂದು ಬರೆದಿದೆ. ಆ ಬದಿಯ ಎರಡು ಹಳೆಯ ಗಡಿಕಲ್ಲುಗಳ ನಡುವೆ ಟೋಟಲ್ ಸ್ಟೇಷನ್ (ದೂರವನ್ನೂ ಕೋನವನ್ನೂ ಅಳೆಯುವ ಎಲೆಕ್ಟ್ರಾನಿಕ್ ಉಪಕರಣ) 59.77 ಮೀಟರ್ ಸಮತಲ ದೂರ ತೋರಿಸುತ್ತಿದೆ. ಉಪಕರಣದಲ್ಲಿ ದೋಷವಿಲ್ಲ. ಕಲ್ಲನ್ನು 23 ಸೆಂಟಿಮೀಟರ್ ಆಚೆಗೆ ಸರಿಸಿ ನೆಡಬಹುದೇ?

ಉತ್ತರ: ನೆಡಬಾರದು. ಹೊಸಬರಲ್ಲಿ ಹೆಚ್ಚಿನವರು ಪತ್ರದಲ್ಲಿರುವ ಅಂಕಿಯನ್ನೇ ಗಡಿಯೆಂದೂ ಕಲ್ಲನ್ನು ಅದರ ಗುರುತೆಂದೂ ತಿಳಿಯುತ್ತಾರೆ. ವಾಸ್ತವದಲ್ಲಿ ಅದು ತಿರುಗುಮುರುಗು. ಮೊದಲ ಭೂಮಾಪಕರು ಕಲ್ಲು ನೆಟ್ಟು, ಆ ಕಲ್ಲುಗಳ ನಡುವಿನ ದೂರವನ್ನು ತಮ್ಮ ಕೈಲಿದ್ದ ಸಾಧನದಿಂದ ಅಳೆದು ಬರೆದಿಟ್ಟರು. ಜಮೀನು ಕೊಂಡವರು ಆ ಕಲ್ಲುಗಳನ್ನು ನೋಡಿಯೇ ಕೊಂಡರು, ಬದು ಹಾಕಿದರು, ಬೇಲಿ ಕಟ್ಟಿದರು. ಆದ್ದರಿಂದ ಮೂಲ ಕಲ್ಲು ತನ್ನ ಮೂಲ ಜಾಗದಲ್ಲೇ ಇದ್ದರೆ ಗಡಿ ಅಲ್ಲಿಯೇ ಇದೆ, ಪತ್ರದ ಅಂಕಿ ಆ ಗಡಿಯ ವರ್ಣನೆ ಮಾತ್ರ. ಎರಡಕ್ಕೂ ತಾಳೆಯಾಗದಾಗ ಸಾಮಾನ್ಯವಾಗಿ ನೆಲದ ಮೇಲಿನ ಗುರುತಿಗೆ ಮೊದಲ ಮನ್ನಣೆ, ದಿಕ್ಕಿಗೂ ದೂರಕ್ಕೂ ಅದರ ನಂತರದ್ದು, ವಿಸ್ತೀರ್ಣಕ್ಕೆ ಎಲ್ಲಕ್ಕಿಂತ ಕೊನೆಯದು. ವಿಸ್ತೀರ್ಣ ಕಡೆಗೆ ಸರಿಯಲು ಕಾರಣ ಸರಳ: ಅದನ್ನು ಯಾರೂ ನೆಲದಲ್ಲಿ ಅಳೆದಿಲ್ಲ, ಉಳಿದ ಅಳತೆಗಳಿಂದ ಲೆಕ್ಕ ಹಾಕಿದ್ದಾರೆ, ಹೀಗಾಗಿ ಅವುಗಳ ತಪ್ಪೆಲ್ಲ ಅದರಲ್ಲಿ ಸೇರಿಕೊಂಡಿರುತ್ತದೆ.

ಇದು ಎಲ್ಲ ದೇಶಗಳಿಗೂ ಒಂದೇ ರೀತಿ ಅನ್ವಯಿಸುವುದಿಲ್ಲ. ಇಂಗ್ಲೆಂಡಿನ ನೋಂದಣಿ ನಕ್ಷೆಗಳಲ್ಲಿರುವ ಗೆರೆ ಸಾಮಾನ್ಯವಾಗಿ ಗಡಿಯ ಸ್ಥೂಲ ಸೂಚನೆಯಷ್ಟೇ ಆಗಿರುತ್ತದೆ. ಸಿಂಗಪುರದಂತಹ ಕಡೆ ನಿರ್ದೇಶಾಂಕಗಳಿಗೇ, ಅಂದರೆ ಗಡಿಯ ಬಿಂದುಗಳ ಸ್ಥಾನವನ್ನು ಹೇಳುವ ಅಂಕಿಗಳಿಗೇ, ಹೆಚ್ಚಿನ ತೂಕವಿದೆ. ನೀವು ಕೆಲಸ ಮಾಡುವ ಪ್ರದೇಶದ ಕಾನೂನನ್ನು ಮೊದಲು ಓದಿಕೊಳ್ಳಿ.

ಈಗ ನಿಮ್ಮ 23 ಸೆಂಟಿಮೀಟರ್ ವಿಚಾರಕ್ಕೆ ಬರೋಣ. ವ್ಯತ್ಯಾಸ ಕಂಡ ಕೂಡಲೇ ಯಾರ ತಪ್ಪು ಎಂದು ಕೇಳುವ ಬದಲು, ಅದು ಎಷ್ಟು ದೊಡ್ಡದು, ಯಾವ ಕಡೆಗಿದೆ ಎಂದು ಕೇಳಿಕೊಳ್ಳಬೇಕು. ಉಕ್ಕಿನ ಟೇಪು ಬಿಸಿಲಿಗೆ ಹಿಗ್ಗುತ್ತದೆ ಎಂಬುದು ನಿಜ, ಆದರೆ 15 ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೂ 60 ಮೀಟರಿಗೆ ಬರುವ ವ್ಯತ್ಯಾಸ ಸುಮಾರು 1 ಸೆಂಟಿಮೀಟರ್ ಮಾತ್ರ, ಆದ್ದರಿಂದ ಅದು ಕಾರಣವಾಗಲಾರದು. 100 ಕೊಂಡಿಗಳ ಹಳೆಯ ಸರಪಳಿ ಬಳಸಿ ಬಳಸಿ ಸವೆದು ಉದ್ದವಾಗಿದ್ದರೆ ನೆಲದಲ್ಲಿರುವ ದೂರ ದಾಖಲೆಗಿಂತ ಹೆಚ್ಚಾಗಿ ಸಿಗಬೇಕಿತ್ತು. ನಿಮಗೆ ಕಡಿಮೆ ಸಿಕ್ಕಿದೆ. ಇನ್ನು ಇಳಿಜಾರನ್ನು ನೋಡಿ. 5 ಡಿಗ್ರಿ ಇಳಿಜಾರಿನ ನೆಲದ ಮೇಲೆ ಟೇಪನ್ನು ಹಾಗೆಯೇ ಹಾಸಿ 60.00 ಮೀಟರ್ ಅಳೆದರೆ ಅದರ ಸಮತಲ ದೂರ, ಅಂದರೆ ಮಟ್ಟವಾಗಿ ಅಳೆದಾಗ ಸಿಗುವ ದೂರ, 59.77 ಮೀಟರ್ ಆಗುತ್ತದೆ. ನಿಮ್ಮ ಎರಡು ಕಲ್ಲುಗಳ ಎತ್ತರದಲ್ಲಿ ಸುಮಾರು 5.2 ಮೀಟರ್ ವ್ಯತ್ಯಾಸವಿದ್ದು, ನಡುವಿನ ನೆಲ ಒಂದೇ ಸಮನೆ ಇಳಿದಿದ್ದರೆ, ಮೊದಲ ಭೂಮಾಪಕರು ನೆಲದ ಮೇಲ್ಮೈಯನ್ನು ಹಿಡಿದು ಅಳೆದಿದ್ದಾರೆ ಎನ್ನಲು ಬಲವಾದ ಆಧಾರ ಸಿಕ್ಕಂತಾಯಿತು. ಅದೇ ಇಳಿಜಾರಿನ ಅಕ್ಕಪಕ್ಕದ ಹಿಡುವಳಿಗಳಲ್ಲೂ ಇದೇ ಪ್ರಮಾಣದ ಕೊರತೆ ಕಂಡರೆ ಕಲ್ಲುಗಳ ಬಗ್ಗೆ ನಿಮ್ಮ ನಂಬಿಕೆ ಇನ್ನಷ್ಟು ಗಟ್ಟಿಯಾಗಬೇಕು. ಕಲ್ಲು ಸರಿಸಿದ್ದರೆ ನೀವು ಹಳೆಯ ತಪ್ಪೊಂದನ್ನು ತಿದ್ದುತ್ತಿರಲಿಲ್ಲ, ನೆರೆಯವರ ನೆಲವನ್ನು ಒತ್ತುವರಿ ಮಾಡುತ್ತಿದ್ದಿರಿ.

ಆದರೆ ಮೂಲ ಕಲ್ಲು ಮೂಲ ಜಾಗದಲ್ಲೇ ಇದೆಯೇ ಎಂಬುದು ಊಹೆಗೆ ಬಿಡುವ ವಿಷಯವಲ್ಲ. ನನ್ನ ಮಟ್ಟಿಗೆ ಈ ವೃತ್ತಿಯ ನಿಜವಾದ ಕಸುಬು ಇಲ್ಲಿಯೇ ಇದೆ, ಅದಕ್ಕೆ ಬೇಕಾದದ್ದು ಕರಣೆ ಮತ್ತು ತಾಳ್ಮೆ. ಕಲ್ಲಿನ ಒಂದು ಮಗ್ಗುಲಲ್ಲಿ ಮಾತ್ರ, ಅದು ಅಲುಗಾಡದಂತೆ, ಮಣ್ಣನ್ನು ಪದರ ಪದರವಾಗಿ ಕೆರೆದು ನೋಡಿ. ಬಹುಕಾಲದಿಂದ ನಿಂತ ಕಲ್ಲಿನ ಸುತ್ತ ಮಣ್ಣು ಬಿಗಿದುಕೊಂಡಿರುತ್ತದೆ, ಬೇರುಗಳು ಅದನ್ನು ಬಳಸಿಕೊಂಡು ಬೆಳೆದಿರುತ್ತವೆ, ಹೂತ ಭಾಗಕ್ಕೂ ಗಾಳಿಬಿಸಿಲಿಗೆ ಒಡ್ಡಿಕೊಂಡ ಭಾಗಕ್ಕೂ ಬಣ್ಣದ ಭೇದ ಸ್ಪಷ್ಟವಾಗಿ ಕಾಣುತ್ತದೆ. ಈಚೆಗೆ ಕಿತ್ತು ನೆಟ್ಟ ಕಲ್ಲಾದರೆ ಮೇಲ್ಮಣ್ಣೂ ಕೆಳಮಣ್ಣೂ ಕಲಸಿಹೋಗಿ ಮಣ್ಣು ಸಡಿಲವಾಗಿರುತ್ತದೆ. ಕೆಲವು ಕಡೆ ಹಿಂದಿನವರು ಗುರುತಿನ ಅಡಿಯಲ್ಲಿ ಇದ್ದಿಲು ಹಾಕುತ್ತಿದ್ದರು, ಏಕೆಂದರೆ ಇದ್ದಿಲು ಕೊಳೆಯುವುದಿಲ್ಲ. ಮರದ ಗೂಟ ಪೂರ್ತಿ ಕೊಳೆತುಹೋದ ಜಾಗದಲ್ಲೂ ಕಪ್ಪುಛಾಯೆಯ ಮಣ್ಣಿನ ಒಂದು ಗುಂಡನೆಯ ಕಲೆ ಉಳಿದಿರುವುದುಂಟು. ಸಲಿಕೆಯಿಂದ ಒಮ್ಮೆಲೇ ಅಗೆದರೆ ಆ ಸಾಕ್ಷ್ಯ ಶಾಶ್ವತವಾಗಿ ಅಳಿದುಹೋಗುತ್ತದೆ.

ಕಲ್ಲೇ ಕಾಣದಿದ್ದಾಗ ಮಾತ್ರ ಅಳತೆ ಮುನ್ನೆಲೆಗೆ ಬರುತ್ತದೆ. ಒಂದೇ ಬಾರಿಗೆ ವಿಂಗಡಿಸಿದ, ತಲಾ 20 ಮೀಟರ್ ಅಗಲದ ಮೂರು ನಿವೇಶನಗಳ ಸಾಲಿನಲ್ಲಿ ಎರಡೂ ತುದಿಯ ಕಲ್ಲುಗಳು ಉಳಿದಿದ್ದು, ಅವುಗಳ ನಡುವೆ 60.30 ಮೀಟರ್ ಸಿಕ್ಕಿತು ಎನ್ನಿ. ಹೆಚ್ಚುವರಿ 30 ಸೆಂಟಿಮೀಟರನ್ನು ಕೊನೆಯವರಿಗೆ ಬಿಡದೆ ಪ್ರತಿಯೊಂದಕ್ಕೂ 20.10 ಮೀಟರಿನಂತೆ ಹಂಚುವುದು ರೂಢಿ. ನಿವೇಶನಗಳು ಒಂದಾದ ಮೇಲೊಂದರಂತೆ ಮಾರಾಟವಾಗಿದ್ದರೆ ಈ ಹಂಚಿಕೆ ನಡೆಯದು. ಮೊದಲು ಕೊಂಡವರಿಗೆ ಅವರ ಪತ್ರದಲ್ಲಿರುವಷ್ಟು ಮೊದಲು ಸಲ್ಲಬೇಕು. ಹಳೆಯ ದಿಕ್ಸೂಚಿಯ ಕೋನಗಳನ್ನು ನೆಚ್ಚುವಾಗ ಇನ್ನೂ ಎಚ್ಚರ ಬೇಕು: ಕಾಂತೀಯ ಉತ್ತರ ವರ್ಷದಿಂದ ವರ್ಷಕ್ಕೆ ಸರಿಯುತ್ತದೆ, ಮತ್ತು ಕೋನದಲ್ಲಿ 1 ಡಿಗ್ರಿ ತಪ್ಪಿದರೆ 100 ಮೀಟರಿನ ತುದಿಯಲ್ಲಿ ಗಡಿ 1.75 ಮೀಟರ್ ಪಕ್ಕಕ್ಕೆ ಹೋಗುತ್ತದೆ.

ನಕ್ಷೆ ಬರೆಯುವಾಗ ಎರಡೂ ಅಂಕಿಗಳನ್ನು ತೋರಿಸಿ: ಪತ್ರದಂತೆ 60.00, ಅಳತೆಯಂತೆ 59.77. ಕಲ್ಲು ಯಾವ ಬಗೆಯದು, ಎಷ್ಟು ಆಳಕ್ಕೆ ಹೂತಿದೆ, ಅದರ ಸುತ್ತ ಏನು ಕಂಡಿತು ಎಂಬುದನ್ನು ಸ್ಥಳದಲ್ಲಿಯೇ ಫೀಲ್ಡ್ ಬುಕ್ಕಿನಲ್ಲಿ ದಾಖಲಿಸಿ. ಆ ನೆಲ ಯಾರಿಗೆ ಸೇರಬೇಕು ಎಂದು ನೆರೆಹೊರೆಯವರಲ್ಲಿ ತಕರಾರು ಎದ್ದರೆ ಅದನ್ನು ತೀರ್ಮಾನಿಸುವ ಅಧಿಕಾರ ನ್ಯಾಯಾಲಯದ್ದು, ಅಲ್ಲಿ ನಿಮ್ಮ ಮುಂದೆ ಇಡುವುದು ಈ ಪುಟಗಳನ್ನೇ.