ದೊಡ್ಡ ಸಂಸಾರದ ಮಕ್ಕಳು ನಿಜಕ್ಕೂ ಹೆಚ್ಚು ಬಡವರೇ?

ಅಭಿವೃದ್ಧಿಶೀಲ ದೇಶಗಳ ಸಮೀಕ್ಷೆಗಳಲ್ಲಿ ಮನೆಮಂದಿ ಹೆಚ್ಚಿದಷ್ಟೂ ತಲಾ ಖರ್ಚು ಇಳಿಯುತ್ತದೆ. ಮಕ್ಕಳು ಹೆಚ್ಚಿರುವುದೂ ಅಂಥ ಮನೆಗಳಲ್ಲೇ ಆದ್ದರಿಂದ, ಮಕ್ಕಳ ಬಡತನಕ್ಕೆ ಸಂಸಾರದ ಗಾತ್ರವೇ ಕಾರಣವೆಂದು ತೀರ್ಮಾನಿಸಿಬಿಡುವುದು ಸುಲಭ. ಆದರೆ ಆ ತೀರ್ಮಾನ ಬಹುಮಟ್ಟಿಗೆ ನಿಂತಿರುವುದು ಒಂದು ಭಾಗಾಕಾರದ ಮೇಲೆ.

ಮದ್ದೂರು ಕಡೆಯ ಹಳ್ಳಿಯೊಂದರಲ್ಲಿ ಎರಡು ಮನೆಗಳಿವೆ ಎಂದುಕೊಳ್ಳೋಣ. ನಾಲ್ವರ ಮನೆಯ ತಿಂಗಳ ಖರ್ಚು 12,000 ರೂಪಾಯಿ. ಅಜ್ಜ, ಅಜ್ಜಿ, ಮೊಮ್ಮಕ್ಕಳೆಲ್ಲ ಸೇರಿ ಎಂಟು ಜನರಿರುವ ಮನೆಯದು 20,000. ತಲಾ ಲೆಕ್ಕದಲ್ಲಿ ಮೊದಲನೆಯದಕ್ಕೆ 3,000, ಎರಡನೆಯದಕ್ಕೆ 2,500. ದೊಡ್ಡ ಮನೆಯೇ ಬಡವಾಯಿತು. ಆದರೆ ಸೂರು, ದೀಪ, ಟಿವಿಗಳಿಗೆ ತಲೆಗೊಂದರಂತೆ ಖರ್ಚು ಬೀಳುವುದಿಲ್ಲ. ಈ ಉಳಿತಾಯವನ್ನು ಗಣಿಸಲು ಅರ್ಥಶಾಸ್ತ್ರಜ್ಞರು ಕೆಲವೊಮ್ಮೆ ಸದಸ್ಯರ ಸಂಖ್ಯೆಯ ಬದಲು ಅದರ ವರ್ಗಮೂಲದಿಂದ ಭಾಗಿಸುತ್ತಾರೆ. ಆಗ ಸಣ್ಣ ಮನೆಗೆ 6,000, ದೊಡ್ಡದಕ್ಕೆ ಸುಮಾರು 7,070 ಬಂದು ಲೆಕ್ಕವೇ ತಿರುಗುಮುರುಗಾಗುತ್ತದೆ. ಇಂಥ ಊಹೆ ಬದಲಾದರೆ ಬಡವರು ಯಾರೆಂಬುದೂ ಬದಲಾಗುತ್ತದೆಂದು ಪೀಟರ್ ಲಾಂಜೌ ಮತ್ತು ಮಾರ್ಟಿನ್ ರವಾಲಿಯನ್ 1995ರಲ್ಲಿ ಪಾಕಿಸ್ತಾನದ ಅಂಕಿಅಂಶಗಳಿಂದ ತೋರಿಸಿಕೊಟ್ಟರು.

ಹಾಗೆಂದು ವರ್ಗಮೂಲವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಬಡ ಮನೆಯ ಖರ್ಚಿನಲ್ಲಿ ಊಟದ್ದೇ ದೊಡ್ಡ ಪಾಲು, ಮತ್ತು ಒಬ್ಬರು ಉಂಡ ಮುದ್ದೆಯನ್ನು ಇನ್ನೊಬ್ಬರು ಉಣ್ಣಲಾಗದು. ಸೂರು, ದೀಪಗಳಲ್ಲಿ ಉಳಿದ ಹಣ ಊಟಕ್ಕೆ ಹೋಗಬೇಕು ಎಂಬುದು ಸಹಜ ನಿರೀಕ್ಷೆ. ಆದರೆ ತಲಾ ಖರ್ಚು ಒಂದೇ ಆಗಿರುವ ಮನೆಗಳನ್ನು ಹೋಲಿಸಿದಾಗ ದೊಡ್ಡ ಮನೆಗಳಲ್ಲಿ ತಲಾ ಆಹಾರದ ಖರ್ಚು ಕಡಿಮೆಯೇ ಇರುವುದನ್ನು, ಅದೂ ಬಡ ದೇಶಗಳಲ್ಲಿ ಹೆಚ್ಚು ಎದ್ದುಕಾಣುವುದನ್ನು, 1998ರಲ್ಲಿ ಆಂಗಸ್ ಡೀಟನ್ ಮತ್ತು ಕ್ರಿಸ್ಟಿನಾ ಪ್ಯಾಕ್ಸನ್ ಗುರುತಿಸಿದರು. ಸಗಟು ಖರೀದಿಯಿಂದ ಹೀಗಾಗುತ್ತದೆಯೇ ಎಂಬ ಚರ್ಚೆ ನಡೆದಿದೆ. ನನಗೇನೋ ಅದೊಂದೇ ಸಾಕಾದ ಉತ್ತರವೆನಿಸುವುದಿಲ್ಲ. ಮೇಲಾಗಿ, ಕೊನೆಗೆ ಉಣ್ಣಲು ಕೂತ ಮಗುವಿನ ತಟ್ಟೆಗೆ ಸಾರಿನ ಜೊತೆ ಕಾಳೆಷ್ಟು ಬಿತ್ತೆಂಬುದನ್ನು ಮನೆಯ ಸರಾಸರಿ ಹೇಳುವುದಿಲ್ಲ.

ಇದೇ ಭಾಗಾಕಾರ ಸರ್ಕಾರದ ಯೋಜನೆಗಳಲ್ಲೂ ಅಡಗಿದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತದೆ. ನಾಲ್ವರಿದ್ದರೆ ಅದು ತಲೆಗೆ 500, ಎಂಟು ಜನರಿದ್ದರೆ 250. 2013ರ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬಗಳಿಗೆ ತಲೆಗೆ 5 ಕೆ.ಜಿ. ಧಾನ್ಯ, ಕಡುಬಡವರ ಅಂತ್ಯೋದಯ ಕಾರ್ಡಿಗೆ ಮಾತ್ರ ಮನೆಗೆ 35 ಕೆ.ಜಿ. ಏಳು ಜನರಾದಾಗ ಎರಡೂ ಸಮ. ಎಂಟನೆಯವರಾಗಿ ಮಗುವೊಂದು ಹುಟ್ಟಿತೆಂದರೆ, ಆ ಕಾಯ್ದೆಯ ಲೆಕ್ಕದಲ್ಲಿ ಅಂತ್ಯೋದಯದ ಮನೆಯ ತಲಾ ಪಾಲು ಆದ್ಯತಾ ಕಾರ್ಡಿನವರಿಗಿಂತ ಕೆಳಗಿಳಿಯುತ್ತದೆ.