ದೊಡ್ಡ ಬ್ರೇಕ್ ಹಾಕಿಸಿದರೆ ಕಾರು ಬೇಗ ನಿಲ್ಲುತ್ತದೆಯೇ?

ಪ್ರಶ್ನೆ: ನನ್ನ ಬಳಿ 2013ರ ಸೈಯನ್ ಎಫ್‌ಆರ್-ಎಸ್ ಸ್ಪೋರ್ಟ್ಸ್ ಕಾರು ಇದೆ. ವಾರವೆಲ್ಲ ಕಚೇರಿಗೂ ಅದರಲ್ಲೇ ಹೋಗುತ್ತೇನೆ. ಕ್ಯಾಲಿಫೋರ್ನಿಯಾದ ಲಗೂನಾ ಸೆಕಾ ರೇಸ್ ಟ್ರ್ಯಾಕ್‌ನಲ್ಲಿ ಎರಡು ಟ್ರ್ಯಾಕ್ ಡೇ (ಸ್ವಂತ ಕಾರನ್ನು ಟ್ರ್ಯಾಕ್‌ನಲ್ಲಿ ಓಡಿಸಲು ಬಿಡುವ ದಿನ) ಮುಗಿಸಿದ್ದೇನೆ, ಇನ್ನು ಗಂಭೀರವಾಗಿ ಓಡಿಸಬೇಕೆಂದಿದ್ದೇನೆ. ಮೊದಲು ಆರು ಪಿಸ್ಟನ್‌ಗಳ ದೊಡ್ಡ ಬ್ರೇಕ್ ಕಿಟ್ ಹಾಕಿಸಲೇ?

ಉತ್ತರ: ಬೇಡ. ಈ ಪ್ರಶ್ನೆಗೆ ನಾನು ಎಷ್ಟು ಬಾರಿ ಉತ್ತರಿಸಿದ್ದೇನೆಂಬ ಲೆಕ್ಕ ತಪ್ಪಿದೆ. ಕಾರಿನ ಹೆಸರು ಬದಲಾಗುತ್ತದೆ, ಪಿಸ್ಟನ್‌ಗಳ ಎಣಿಕೆ ಬದಲಾಗುತ್ತದೆ, ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. ನಿಮ್ಮ ಕಾರಿಗೆ ಮೊದಲು ಬೇಕಾದದ್ದು ಹೊಸ ಬ್ರೇಕ್ ದ್ರವ ಮತ್ತು ಟ್ರ್ಯಾಕ್‌ಗೆಂದೇ ಮಾಡಿದ ಪ್ಯಾಡ್‌ಗಳು, ಅಂದರೆ ಚಕ್ರದೊಂದಿಗೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ಬಿಲ್ಲೆಗಳು. ಅದಾದ ಮೇಲೆ ಟೈರು ಮತ್ತು ಮುಂದಿನ ಚಕ್ರಗಳ ಅಲೈನ್‌ಮೆಂಟ್.

ದೊಡ್ಡ ಬ್ರೇಕ್ ಇದ್ದರೆ ಕಾರು ಕಡಿಮೆ ದೂರದಲ್ಲಿ ನಿಲ್ಲುತ್ತದೆ ಎಂಬ ನಂಬಿಕೆ ಎಷ್ಟು ಹೇಳಿದರೂ ಹೋಗುವುದಿಲ್ಲ, ಆದ್ದರಿಂದ ಇದನ್ನು ಸಾವಧಾನವಾಗಿ ನೋಡೋಣ. ಬ್ರೇಕ್ ಚಕ್ರವನ್ನು ನಿಲ್ಲಿಸುತ್ತದೆ. ಕಾರನ್ನು ನಿಲ್ಲಿಸುವುದು ಟೈರು. ಖಾಲಿಯಾದ, ಸುರಕ್ಷಿತವಾದ ಜಾಗದಲ್ಲಿ ಪೆಡಲನ್ನು ಒಮ್ಮೆ ಪೂರ್ತಿಯಾಗಿ ತುಳಿದು ನೋಡಿ. ಪಾದದ ಕೆಳಗೆ ಎಬಿಎಸ್ (ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ನಡುಗಿದರೆ, ಟೈರು ತಡೆದುಕೊಳ್ಳಬಲ್ಲಷ್ಟಕ್ಕಿಂತ ಹೆಚ್ಚಿನ ಬಲವನ್ನು ನಿಮ್ಮ 294 ಮಿಲಿಮೀಟರ್ ಡಿಸ್ಕ್ ಈಗಾಗಲೇ ಕೊಡುತ್ತಿದೆ ಎಂದು ಅರ್ಥ. ಆರು ಪಿಸ್ಟನ್‌ಗಳಿಂದ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಅದೇ ಜಾಗದಲ್ಲಿ ಮಾಡುವುದಿಷ್ಟೇ: ಎಬಿಎಸ್ ಸ್ವಲ್ಪ ಬೇಗ ನಡುಗುವಂತೆ ಮಾಡುತ್ತದೆ.

ಹಾಗಾದರೆ ಟ್ರ್ಯಾಕ್‌ನಲ್ಲಿ ಬ್ರೇಕ್ ಕೈಕೊಡುವುದೇಕೆ? ಬಲ ಸಾಲದೆ ಅಲ್ಲ, ಶಾಖ ಹೆಚ್ಚಾಗಿ. ಚಾಲಕನೂ ಸೇರಿ 1320 ಕಿಲೋ ತೂಗುವ ನಿಮ್ಮ ಕಾರು ಗಂಟೆಗೆ 180 ಕಿ.ಮೀ. ವೇಗದಿಂದ 80ಕ್ಕೆ ಇಳಿಯುವಾಗ ಸುಮಾರು 13 ಲಕ್ಷ ಜೂಲ್ ಶಕ್ತಿಯನ್ನು ಕಳೆದುಕೊಳ್ಳಬೇಕು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಹೆಚ್ಚುಕಡಿಮೆ ನಾಲ್ಕು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಾಖ ಸಾಕು. ಒಳ್ಳೆಯ ಟೈರುಗಳಿದ್ದರೆ ಇದೆಲ್ಲ ಮೂರು ಸೆಕೆಂಡಿನೊಳಗೆ ಮುಗಿಯುತ್ತದೆ. ಅಂದರೆ ಆ ಹೊತ್ತಿನಲ್ಲಿ ಬ್ರೇಕ್‌ಗಳು ಮಾಡುವ ಕೆಲಸ ನಿಮ್ಮ 200 ಅಶ್ವಶಕ್ತಿಯ ಎಂಜಿನ್ ಮಾಡಬಲ್ಲದ್ದರ ಮೂರು ಪಟ್ಟು. ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿಸಿದಾಗ ಕಲಿಯುವವರ ಮುಖದಲ್ಲಿ ಆಗುವ ಬದಲಾವಣೆಯನ್ನು ನೋಡುವುದು ನನಗೆ ಇಂದಿಗೂ ಸಂತೋಷದ ಸಂಗತಿ. ಪ್ರತಿ ಸುತ್ತಿನಲ್ಲೂ ನಾಲ್ಕೈದು ಬಾರಿ, ಇಪ್ಪತ್ತು ನಿಮಿಷ ಬಿಡುವಿಲ್ಲದೆ ಹೀಗೆ ಕಾಯುವ ಡಿಸ್ಕು ಮುಂದಿನ ತಿರುವಿನೊಳಗೆ ತಣ್ಣಗಾಗುವುದಿಲ್ಲ.

ಆ ಶಾಖ ಪ್ಯಾಡ್ ದಾಟಿ, ಪಿಸ್ಟನ್ ದಾಟಿ, ದ್ರವವನ್ನು ಸೇರುತ್ತದೆ. ನಮ್ಮೂರ ಗ್ಯಾರೇಜುಗಳಲ್ಲಿ ಬ್ರೇಕ್ ಆಯಿಲ್ ಎಂದು ಕರೆಯುವುದು ಎಣ್ಣೆಯೇ ಅಲ್ಲ. ಗಾಳಿಯ ತೇವವನ್ನು ಹೀರಿಕೊಳ್ಳುವ ಗ್ಲೈಕಾಲ್ ಜಾತಿಯ ದ್ರವ. ಅಮೆರಿಕದ ಮಾನದಂಡದ ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ಆದರೆ ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ದರ್ಜೆಯಲ್ಲಿ ಇವು 230 ಮತ್ತು 155. ರೇಸಿಂಗ್‌ಗೆಂದು ಮಾರುವ ಉತ್ತಮ ದ್ರವಗಳು ಹೊಸದಾಗಿದ್ದಾಗ 300 ಡಿಗ್ರಿ ದಾಟುತ್ತವೆ. ದ್ರವ ಕುದಿದು ಆವಿಯಾದರೆ ಆ ಗುಳ್ಳೆಗಳು ಸುಲಭವಾಗಿ ಕುಗ್ಗುತ್ತವೆ, ಪೆಡಲ್ ನೆಲಕ್ಕಿಳಿಯುತ್ತದೆ. ನಾನು ಪಕ್ಕದ ಸೀಟಿನಲ್ಲಿ ಕುಳಿತಿದ್ದಾಗ ಲಗೂನಾ ಸೆಕಾದ ಎರಡನೆಯ ತಿರುವಿನ ಮುಂದೆ ಒಮ್ಮೆ ಹೀಗಾಯಿತು. ಆ ಕಾರಿಗೆ ಹಾಕಿಸಿದ್ದ ದುಬಾರಿ ಕೆಂಪು ಕ್ಯಾಲಿಪರ್‌ಗಳ ಒಳಗೆ ಇದ್ದದ್ದು ಮೂರು ವರ್ಷ ಹಳೆಯ ದ್ರವ. ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಧಾನವಾಗದಿದ್ದರೆ ತಪ್ಪು ಪ್ಯಾಡಿನದು, ಪೆಡಲ್ ಮೆತ್ತಗಾದರೆ ದ್ರವದ್ದು. ಈ ಎರಡರ ವ್ಯತ್ಯಾಸ ಗೊತ್ತಿಲ್ಲದವರು ಒಂದು ಡಾಲರ್ ಕೂಡ ಖರ್ಚು ಮಾಡಬಾರದೆಂಬುದು ನನ್ನ ಅಭಿಪ್ರಾಯ.

ಕಿಟ್ ಹಾಕಿಸಿದವರು ತಮ್ಮ ಕಾರು ಬೇಗ ನಿಲ್ಲುತ್ತದೆ ಎನ್ನುವುದು ಸುಳ್ಳಲ್ಲ. ಆದರೆ ಕಿಟ್‌ನ ಜೊತೆಗೇ ಅವರು ಹೊಸ ಪ್ಯಾಡ್, ಹೊಸ ದ್ರವ, ಎಷ್ಟೋ ವೇಳೆ ಹೊಸ ಟೈರನ್ನೂ ಹಾಕಿಸಿರುತ್ತಾರೆ, ಹೊಗಳಿಕೆ ಮಾತ್ರ ಕ್ಯಾಲಿಪರ್‌ಗೆ ಸಲ್ಲುತ್ತದೆ. ದೊಡ್ಡ ಡಿಸ್ಕಿನ ಭಾರವಾದ ಲೋಹ ಹೆಚ್ಚು ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಎಂಜಿನ್ನಿಗೆ ಟರ್ಬೊ ಸೇರಿಸಿ, ಗೀರುಗಳಿಲ್ಲದ ರೇಸ್ ಟೈರು (ಸ್ಲಿಕ್) ಹಾಕಿ, ಗಂಟೆಗಟ್ಟಲೆ ಓಡಿಸುವವರಿಗೆ ಅದು ಬೇಕು. ಆದರೆ ಕಿಟ್ಟನ್ನು ಮುಂದಿನ ಚಕ್ರಗಳಿಗಷ್ಟೇ ಹಾಕಿದಾಗ ಬ್ರೇಕ್ ಬಲದ ಪಾಲು ಮುಂದಕ್ಕೆ ವಾಲಬಹುದು. ಆಗ ಮುಂದಿನ ಟೈರುಗಳು ಮೊದಲೇ ಮಿತಿ ಮುಟ್ಟಿ, ಹಿಂದಿನವು ಕೆಲಸವಿಲ್ಲದೆ ಉಳಿದು, ಕಾರು ನಿಲ್ಲುವ ದೂರ ಮೊದಲಿಗಿಂತ ಹೆಚ್ಚಾಗುವುದೂ ಉಂಟು. ತೂತು ಕೊರೆದ ಡಿಸ್ಕುಗಳ ಬಗ್ಗೆ ಒಂದೇ ಮಾತು: ಟ್ರ್ಯಾಕ್‌ನ ಶಾಖದಲ್ಲಿ ಬಿರುಕುಗಳು ಆ ತೂತುಗಳಿಂದಲೇ ಆರಂಭವಾಗುತ್ತವೆ, ಆದ್ದರಿಂದ ಸಾದಾ ಡಿಸ್ಕನ್ನೇ ಕೊಳ್ಳಿ. ಶಾಖ ಆಮೇಲೂ ಕಾಡಿದರೆ, ಮುಂಬಂಪರಿನಿಂದ ಡಿಸ್ಕಿನ ನಡುಭಾಗಕ್ಕೆ ಗಾಳಿ ತರುವ ಕೊಳವೆಗಳನ್ನು ಜೋಡಿಸಿ.

ನಿಮ್ಮ ಕಾರು ಕಾರ್ಖಾನೆಯಿಂದ ಬಂದದ್ದು 215 ಅಗಲದ, ಹಿಡಿತಕ್ಕಿಂತ ಆರಾಮಕ್ಕೆ ಹೆಸರಾದ ಟೈರುಗಳೊಂದಿಗೆ; ಹಿಂಭಾಗ ಹಿತವಾಗಿ ಜಾರಲಿ ಎಂಬುದೇ ವಿನ್ಯಾಸಕಾರರ ಇಚ್ಛೆಯಾಗಿತ್ತು. ಮುಂದಿನ ಚಕ್ರಗಳ ಕ್ಯಾಂಬರ್, ಅಂದರೆ ಅವು ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಬಹುತೇಕ ಸೊನ್ನೆ, ಹಾಗಾಗಿ ತಿರುವಿನಲ್ಲಿ ಟೈರಿನ ಹೊರ ಅಂಚು ಮಾತ್ರ ಸವೆಯುತ್ತದೆ. ಮುಂದಿನ ಸಸ್ಪೆನ್ಷನ್ನಿನ ಸ್ಟ್ರಟ್ಟಿನ ಮೇಲ್ತುದಿಗೆ ಕ್ಯಾಂಬರ್ ಪ್ಲೇಟ್ ಹಾಕಿಸಿ ಎರಡೂವರೆಯಿಂದ ಮೂರು ಡಿಗ್ರಿ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲುವುದು) ಕೊಟ್ಟರೆ ಟೈರು ಹೆಚ್ಚು ಕಾಲ ಬಾಳುತ್ತದೆ, ಕಾರೂ ವೇಗವಾಗುತ್ತದೆ. ಬೇಸಿಗೆಯಲ್ಲಿ ಎಂಜಿನ್ ಆಯಿಲ್ 130 ಡಿಗ್ರಿ ಮುಟ್ಟುವುದು ಈ ಕಾರುಗಳಲ್ಲಿ ಸಾಮಾನ್ಯ. ಅದಕ್ಕೆ ಆಯಿಲ್ ಕೂಲರ್ ಬೇಕು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಬ್ರೇಕ್ ಕಿಟ್ ಆದ ಮೇಲೆ ಎಲ್ಲರ ಕಣ್ಣು ಬೀಳುವುದು ರೇಸ್ ಕಾರುಗಳಲ್ಲಿರುವಂಥ ನಾಲ್ಕು ಪಟ್ಟಿಗಳ ಸೀಟ್ ಬೆಲ್ಟ್, ಅಂದರೆ ಹಾರ್ನೆಸ್ ಮೇಲೆ. ಕಾರ್ಖಾನೆಯ ಮೂರು ಬಿಂದುಗಳ ಬೆಲ್ಟ್, ಏರ್‌ಬ್ಯಾಗ್ ಮತ್ತು ಸೀಟು ಒಟ್ಟಾಗಿ ಕೆಲಸ ಮಾಡುವಂತೆ ರೂಪಿಸಿದವು. ಹಾರ್ನೆಸ್ ಮಾತ್ರ ಬದಲಿಸಿದರೆ, ಕಾರು ಮಗುಚಿ ಚಾವಣಿ ಕುಸಿದಾಗ ದೇಹ ಪಕ್ಕಕ್ಕೆ ಬಾಗಲಾರದು. ಢಿಕ್ಕಿಯಾದಾಗ ಭುಜ ನಿಂತಲ್ಲೇ ನಿಂತು ತಲೆಯೊಂದೇ ಮುಂದಕ್ಕೆ ಹಾರುತ್ತದೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಡೇಟೋನಾ ರೇಸಿನ ಕೊನೆಯ ಸುತ್ತಿನಲ್ಲಿ ಚಾಲಕ ಡೇಲ್ ಅರ್ನ್‌ಹಾರ್ಟ್ ಸತ್ತದ್ದು ತಲೆಬುರುಡೆಯ ಬುಡ ಮುರಿದು. ಅದನ್ನು ತಡೆಯಲು ಹೆಲ್ಮೆಟ್ಟನ್ನು ಭುಜದ ಮೇಲಿನ ಪಟ್ಟಿಗೆ ಕಟ್ಟಿ ಹಿಡಿಯುವ ಹ್ಯಾನ್ಸ್ ಸಾಧನವನ್ನು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾಬರ್ಟ್ ಹಬ್ಬರ್ಡ್ 1980ರ ದಶಕದಲ್ಲೇ ರೂಪಿಸಿದ್ದರು. ಆದರೂ ತಲೆ ಮತ್ತು ಕುತ್ತಿಗೆಗೆ ಅಂಥ ರಕ್ಷಣೆಯನ್ನು ಆ ರೇಸ್ ನಡೆಸುವ ಸಂಸ್ಥೆಯಾದ ನ್ಯಾಸ್ಕಾರ್ ಕಡ್ಡಾಯ ಮಾಡಿದ್ದು ಆ ಸಾವಿನ ನಂತರ, ಅದೇ ವರ್ಷದ ಅಕ್ಟೋಬರಿನಲ್ಲಿ. ಹಾರ್ನೆಸ್ ಬೇಕೆಂದರೆ ರೋಲ್ ಬಾರ್ (ಚಾವಣಿ ಕುಸಿಯದಂತೆ ಸೀಟಿನ ಹಿಂದೆ ಹಾಕುವ ಉಕ್ಕಿನ ಕೊಳವೆ), ಗಟ್ಟಿ ಬೆನ್ನಿನ ಸೀಟು, ಆರು ಪಟ್ಟಿಗಳ ಬೆಲ್ಟ್, ಹ್ಯಾನ್ಸ್ ನಾಲ್ಕೂ ಒಟ್ಟಿಗೆ ಬರಬೇಕು. ಹಾಗೆ ಸಜ್ಜಾದ ಕಾರಿನಲ್ಲಿ ಹೆಲ್ಮೆಟ್ ಇಲ್ಲದೆ ಕಚೇರಿಗೆ ಹೊರಟಾಗ ಹಿಂದಿನಿಂದ ಯಾರಾದರೂ ಗುದ್ದಿದರೆ ತಲೆ ಆ ಉಕ್ಕಿನ ಕೊಳವೆಗೇ ಬಡಿಯಬಹುದು. ನಿಮ್ಮದು ಎರಡೂ ಕೆಲಸಕ್ಕೆ ಬೇಕಾದ ಕಾರು, ಆದ್ದರಿಂದ ಸದ್ಯಕ್ಕೆ ಕಾರ್ಖಾನೆಯ ಬೆಲ್ಟನ್ನೇ ಉಳಿಸಿಕೊಳ್ಳಿ, ಮುಂದಿನ ಟ್ರ್ಯಾಕ್ ಡೇಗೆ ಮೊದಲು ನಾಲ್ಕೂ ಕ್ಯಾಲಿಪರ್‌ಗಳಿಂದ ಹಳೆಯ ದ್ರವವನ್ನು ಪೂರ್ತಿಯಾಗಿ ಹೊರತೆಗೆಸಿ.