ಸೆಕ್ಸಾರ್ಡಿನ ತೆಳುಸಿಪ್ಪೆಯ ದ್ರಾಕ್ಷಿ

ನೇರಳೆ ಹಣ್ಣು ತಿಂದವರ ಬಾಯಲ್ಲಿ ಎರಡು ಗುರುತುಗಳು ಉಳಿಯುತ್ತವೆ: ಒಂದು ಬಣ್ಣ, ಇನ್ನೊಂದು ಒಗರು. ಬಣ್ಣ ಆಂಥೋಸಯಾನಿನ್ ಎಂಬ ವರ್ಣದ್ರವ್ಯದ್ದು, ಒಗರು ಟ್ಯಾನಿನ್‌ಗಳದ್ದು. ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಗಂಟುಗಟ್ಟಿಸುವುದರಿಂದ ಬಾಯಿಯ ಜಾರುಗುಣ ಕಳೆದು ನಾಲಗೆ ಒರಟಾದಂತೆ ಅನ್ನಿಸುತ್ತದೆ. ಕಪ್ಪು ದ್ರಾಕ್ಷಿಯನ್ನು ಹಿಂಡಿದರೆ ಬರುವ ರಸಕ್ಕೆ ಸಾಮಾನ್ಯವಾಗಿ ಬಣ್ಣವೇ ಇರುವುದಿಲ್ಲ. ಆದ್ದರಿಂದ ಕೆಂಪು ವೈನಿನ ಕಸುಬೆಲ್ಲ ಸಿಪ್ಪೆ ಮತ್ತು ಬೀಜಗಳಿಂದ ಈ ಎರಡನ್ನು ಎಷ್ಟು ಸೆಳೆಯಬೇಕು, ಎಷ್ಟನ್ನು ಅಲ್ಲಿಯೇ ಬಿಡಬೇಕು ಎಂಬ ಲೆಕ್ಕದ ಮೇಲೆ ನಿಂತಿದೆ. ಕೆಲವು ವೈನುಗಳನ್ನು ಬಲ್ಲವರು ‘ಸೊಗಸಾದದ್ದು’ ಎಂದು ಕರೆಯುವುದುಂಟು. ಇದು ಬರಿಯ ಹೊಗಳಿಕೆ ಎಂದು ನಾನೂ ಬಹುಕಾಲ ಭಾವಿಸಿದ್ದೆ. ಆದರೆ ದಕ್ಷಿಣ ಹಂಗೇರಿಯ ಸೆಕ್ಸಾರ್ಡ್ ಪ್ರದೇಶದ ಕುಟುಂಬಗಳು ಮಾಡುವ ಕೆಂಪು ವೈನನ್ನು ನೋಡಿದರೆ, ಆ ಮಾತಿನ ಹಿಂದೆ ಅಳೆದು ಹೇಳಬಹುದಾದ ರಸಾಯನಶಾಸ್ತ್ರವಿದೆ ಎಂಬುದು ತಿಳಿಯುತ್ತದೆ.

ಸೆಕ್ಸಾರ್ಡ್ ಪಟ್ಟಣವಿರುವುದು ಡ್ಯಾನ್ಯೂಬ್ ನದಿಯ ಪಶ್ಚಿಮಕ್ಕೆ, ನದೀಬಯಲು ಮುಗಿದು ಗುಡ್ಡಗಳು ಏಳುವ ಅಂಚಿನಲ್ಲಿ. ಆ ಗುಡ್ಡಗಳನ್ನು ಹೊದ್ದಿರುವುದು ಲೋಯೆಸ್ ಎಂಬ ಹಳದಿ ಮಣ್ಣು. ಹಿಮಯುಗಗಳಲ್ಲಿ ಗಾಳಿ ಹೊತ್ತು ತಂದು ಸುರಿದ ಈ ನುಣುಪು ಧೂಳು ಸುಣ್ಣದ ಅಂಶದಿಂದ ಸಡಿಲವಾಗಿ ಬೆಸೆದುಕೊಂಡಿದೆ. ಕಡಿದರೆ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ಬಂಡಿಗಳ ಓಡಾಟಕ್ಕೂ ಮಳೆನೀರಿನ ಹರಿವಿಗೂ ಸವೆದು ತೋಟಗಳ ನಡುವೆ ಆಳವಾದ ಓಣಿಗಳಾಗಿದೆ. ಇದರ ಸೂಕ್ಷ್ಮ ರಂಧ್ರಗಳು ಚಳಿಗಾಲದ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಟ್ಟುಕೊಡುವುದರಿಂದ ಬೇಸಿಗೆಯ ಬಿಸಿಯಲ್ಲಿಯೂ ಬಳ್ಳಿ ಬೇಗ ಬಾಡುವುದಿಲ್ಲ. ಒಟ್ಟೊಮನ್ ಆಳ್ವಿಕೆ ಮುಗಿದ ಮೇಲೆ, 18ನೆಯ ಶತಮಾನದಲ್ಲಿ, ಹ್ಯಾಬ್ಸ್‌ಬರ್ಗ್ ಅರಸರು ಇಲ್ಲಿ ಜರ್ಮನ್ ರೈತರನ್ನು ನೆಲೆಗೊಳಿಸಿದರು. ಟಕ್ಲೆರ್, ಹೈಮನ್ ಮುಂತಾದ ಮನೆತನದ ಹೆಸರುಗಳು ಇಂದಿಗೂ ಇಲ್ಲಿನ ಬಾಟಲಿಗಳ ಮೇಲೆ ಕಾಣುವುದು ಆ ವಲಸೆಯ ನೆನಪಾಗಿಯೇ.

ಈ ಊರಿನ ವಿಶಿಷ್ಟ ದ್ರಾಕ್ಷಿ ಕದರ್ಕಾ. ಬಾಲ್ಕನ್ ಪ್ರದೇಶದ ಈ ತಳಿ, ಒಟ್ಟೊಮನ್ನರ ಮುನ್ನಡೆಗೆ ಹೆದರಿ ಉತ್ತರಕ್ಕೆ ಸರಿದ ಸೆರ್ಬ್ ಜನರ ಜೊತೆ ಹಂಗೇರಿಗೆ ಬಂದಿರಬೇಕೆಂದು ಇತಿಹಾಸಕಾರರು ಊಹಿಸುತ್ತಾರೆ. ಬಲ್ಗೇರಿಯದಲ್ಲಿ ಇದೇ ದ್ರಾಕ್ಷಿಯನ್ನು ಗಾಮ್ಜಾ ಎನ್ನುತ್ತಾರೆ. ಕದರ್ಕಾದ ಸ್ವಭಾವ ಬೆಳೆಗಾರನಿಗೆ ಬಲು ಕಷ್ಟದ್ದು. ಹಣ್ಣು ತಡವಾಗಿ ಮಾಗುತ್ತದೆ, ಗೊಂಚಲು ಒತ್ತಾಗಿರುತ್ತದೆ, ಸಿಪ್ಪೆ ತೀರ ತೆಳು. ಶರತ್ಕಾಲದ ಒಂದು ಮಳೆಗೆ ಹಣ್ಣುಗಳು ಉಬ್ಬಿ, ಒಂದನ್ನೊಂದು ಒತ್ತಿ ಒಡೆಯುತ್ತವೆ. ಅಲ್ಲಿಗೆ ಬೊಟ್ರೈಟಿಸ್ ಶಿಲೀಂಧ್ರ ನುಗ್ಗುತ್ತದೆ. ಇದೇ ಶಿಲೀಂಧ್ರ ಅದೇ ದೇಶದ ತೊಕಾಯ್ ಪ್ರಾಂತದ ಬಿಳಿ ದ್ರಾಕ್ಷಿಯನ್ನು ಒಣಗಿಸಿ ಜಗತ್ಪ್ರಸಿದ್ಧ ಸಿಹಿ ವೈನಿಗೆ ಕಾರಣವಾಗುತ್ತದೆ ಎಂಬುದು ಸೋಜಿಗ. ಕೆಂಪು ದ್ರಾಕ್ಷಿಯಲ್ಲಾದರೋ ಅದು ಹೊರಬಿಡುವ ಲ್ಯಾಕೇಸ್ ಎಂಬ ಕಿಣ್ವ ಬಣ್ಣವನ್ನು ಉತ್ಕರ್ಷಿಸಿ ಕಂದಾಗಿಸುತ್ತದೆ. ಕದರ್ಕಾದ ಸಿಪ್ಪೆಯಲ್ಲಿ ಬಣ್ಣವಿರುವುದೇ ಕಡಿಮೆ. ಅದರಲ್ಲಿ ಒಂದಿಷ್ಟು ಹೋದರೂ ನಷ್ಟ ಎದ್ದು ಕಾಣುತ್ತದೆ.

ಇಷ್ಟಾದರೂ 19ನೆಯ ಶತಮಾನದಲ್ಲಿ ಹಂಗೇರಿಯ ಪ್ರಮುಖ ಕೆಂಪು ದ್ರಾಕ್ಷಿ ಇದೇ ಆಗಿತ್ತು. ಬೇರನ್ನು ಹೀರಿ ಬಳ್ಳಿಯನ್ನು ಕೊಲ್ಲುವ ಫಿಲೋಕ್ಸೆರಾ ಕೀಟ 1875ರಲ್ಲಿ ದೇಶಕ್ಕೆ ಕಾಲಿಟ್ಟು ಗುಡ್ಡದ ತೋಟಗಳನ್ನು ಬರಿದು ಮಾಡಿತು. ಮರಳಿನಲ್ಲಿ ಆ ಕೀಟ ಬದುಕಲಾರದೆಂದು ಕಂಡುಕೊಂಡ ಬೆಳೆಗಾರರು ಮಧ್ಯದ ಮಹಾಬಯಲಿನ ಮರಳುನೆಲದಲ್ಲಿ ಕದರ್ಕಾವನ್ನು ನೆಟ್ಟರು. ಅಲ್ಲಿ ಹೇರಳವಾಗಿ ಬೆಳೆದ ಹಣ್ಣಿನಿಂದ ನೀರುನೀರಾದ ಅಗ್ಗದ ವೈನ್ ಹರಿದು ತಳಿಗೆ ಕೆಟ್ಟ ಹೆಸರು ಬಂತು. ಸಮಾಜವಾದಿ ಆಡಳಿತದ ಕಾಲದಲ್ಲಿ ಸರಕಾರಿ ತೋಟಗಳು ಟ್ರ್ಯಾಕ್ಟರ್ ಹಾಯುವಂತೆ ಸಾಲುಗಳನ್ನು ಅಗಲಿಸಿ, ಬಳ್ಳಿಗಳನ್ನು ಎತ್ತರದ ತಂತಿಗೆ ಹಬ್ಬಿಸಿದವು. ನೆಲಕ್ಕೆ ಹತ್ತಿರ, ಪೊದೆಯಂತೆ ಸವರಿ ಬೆಳೆಸಬೇಕಾದ ಕದರ್ಕಾ ಈ ಏರ್ಪಾಟಿಗೆ ಒಗ್ಗಲಿಲ್ಲ. ಅದರ ಜಾಗವನ್ನು ಹೆಚ್ಚಾಗಿ ಕೇಕ್‌ಫ್ರಾಂಕೋಶ್ ಆಕ್ರಮಿಸಿತು. ಆಸ್ಟ್ರಿಯದವರು ಬ್ಲೌಫ್ರೆಂಕಿಶ್ ಎನ್ನುವ ಈ ಗಟ್ಟಿಮುಟ್ಟಾದ, ಹುಳಿ ಚುರುಕಾದ ತಳಿಯೇ ಇಂದು ಹಂಗೇರಿಯಲ್ಲಿ ಅತಿ ಹೆಚ್ಚು ಬೆಳೆಯುವ ಕೆಂಪು ದ್ರಾಕ್ಷಿ. ಕದರ್ಕಾ ಅಳಿವಿನಂಚಿಗೆ ಬಂದದ್ದು ರುಚಿಯಲ್ಲಿ ಸೋತು ಅಲ್ಲ, ಕಾರ್ಖಾನೆಯ ಲಯಕ್ಕೆ ಹೆಜ್ಜೆ ಹಾಕಲಾರದೆ ಎಂದೇ ನನ್ನ ಅಭಿಪ್ರಾಯ.

1989ರ ರಾಜಕೀಯ ಬದಲಾವಣೆಯ ನಂತರ ತೋಟಗಳು ಮತ್ತೆ ಕುಟುಂಬಗಳ ಕೈಗೆ ಬಂದವು. ಪೇಚ್ ನಗರದ ದ್ರಾಕ್ಷಿ ಸಂಶೋಧನಾ ಸಂಸ್ಥೆ ಹಳೆಯ ಬಳ್ಳಿಗಳ ಸಂಗ್ರಹವನ್ನು ಉಳಿಸಿಕೊಂಡಿದ್ದುದರಿಂದ, ಕೊಳೆರೋಗಕ್ಕೆ ಕಡಿಮೆ ಬಲಿಯಾಗುವ, ಗೊಂಚಲು ಸ್ವಲ್ಪ ಸಡಿಲವಾಗಿರುವ ಕದರ್ಕಾ ಕ್ಲೋನ್‌ಗಳನ್ನು, ಅಂದರೆ ಒಂದೇ ಬಳ್ಳಿಯ ಕಡ್ಡಿಗಳಿಂದ ಬೆಳೆಸಿದ ಸಂತತಿಗಳನ್ನು, ಆರಿಸಿಕೊಳ್ಳಲು ಸಾಧ್ಯವಾಯಿತು. ಆದರೂ ಮಳೆ ಬರುವ ಮುನ್ನವೇ ಕೊಯ್ಯಬೇಕೇ, ಇನ್ನೆರಡು ದಿನ ಕಾಯಬೇಕೇ ಎಂಬ ತೀರ್ಮಾನವನ್ನೂ, ಒಂದೇ ಸಾಲನ್ನು ಮತ್ತೆ ಮತ್ತೆ ಹಾದು ಕೊಳೆತ ಕಾಳನ್ನು ಕೈಯಿಂದ ಕಿತ್ತೊಗೆಯುವ ಕೆಲಸವನ್ನೂ ಯಂತ್ರಕ್ಕೆ ವಹಿಸುವಂತಿಲ್ಲ; ಕೆಲವೇ ಹೆಕ್ಟೇರುಗಳನ್ನು ಬಳ್ಳಿ ಬಳ್ಳಿಯಾಗಿ ಬಲ್ಲ ಮನೆಯವರಿಗೆ ಮಾತ್ರ ಅದು ಕೈಗೂಡುತ್ತದೆ.

ಉಳಿದ ಲೆಕ್ಕವೆಲ್ಲ ಹುದುಗುವ ತೊಟ್ಟಿಯಲ್ಲಿ. ಯೀಸ್ಟ್ ಸಕ್ಕರೆಯನ್ನು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಒಂದು ಲೀಟರ್ ರಸದಲ್ಲಿರುವ ಸುಮಾರು 17 ಗ್ರಾಂ ಸಕ್ಕರೆಗೆ ಶೇ. 1ರಷ್ಟು ಮದ್ಯಸಾರ ದೊರೆಯುತ್ತದೆ. ಮೇಲೇಳುವ ಅನಿಲ ಸಿಪ್ಪೆಗಳನ್ನು ತೇಲಿಸಿ ದಪ್ಪನೆಯ ಪದರ ಕಟ್ಟುತ್ತದೆ. ಅದನ್ನು ದಿನಕ್ಕೆ ಕೆಲವು ಬಾರಿ ರಸದೊಳಗೆ ಅದುಮಬೇಕು. ಇಲ್ಲಿ ಸಮಯವೇ ಮುಖ್ಯ. ಸಿಪ್ಪೆಯ ಬಣ್ಣ ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಮೊದಲ ಕೆಲವು ದಿನಗಳಲ್ಲಿಯೇ ಬಹುಪಾಲು ಹೊರಬರುತ್ತದೆ. ಬೀಜದ ಒರಟು ಟ್ಯಾನಿನ್ ಹೊರಬರಲು ಮದ್ಯಸಾರ ಏರಿ, ಬೀಜದ ಮೇಲ್ಪೊರೆ ಸಡಿಲಗೊಳ್ಳಬೇಕು. ಹಾಗಾಗಿ ಕದರ್ಕಾವನ್ನು ಹೆಚ್ಚು ಬಿಸಿ ಮಾಡದೆ, ಹೆಚ್ಚು ಕದಡದೆ, ಬೇಗನೆ ಸಿಪ್ಪೆಯಿಂದ ಬೇರ್ಪಡಿಸಿದರೆ ಮಾಣಿಕ್ಯದ ತಿಳಿಬಣ್ಣವೂ ಮೆಣಸಿನ ನಸುಗಂಪೂ ಬರುತ್ತವೆ, ಒಗರು ಹಿಂದೆಯೇ ಉಳಿಯುತ್ತದೆ. ಸೊಗಸು ಎಂಬುದರ ಬಹುಪಾಲು ಇದೇ: ಸೆಳೆಯಬಹುದಾದದ್ದನ್ನೆಲ್ಲ ಸೆಳೆಯದಿರುವ ಸಂಯಮ.

ಆಮೇಲೆ ಇನ್ನೊಂದು ಪರಿವರ್ತನೆಯಾಗುತ್ತದೆ. ಮೊಸರು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾಗಳ ಬಂಧುಗಳೇ ಆದ ಜೀವಿಗಳು, ಹಸಿರು ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲವನ್ನು ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಹಂಗೇರಿಯ ಜೆಂಪ್ಲೇನ್ ಬೆಟ್ಟಗಳ ಓಕ್ ಪೀಪಾಯಿಗಳಿಗೆ ಹೊರದೇಶಗಳಲ್ಲಿಯೂ ಬೇಡಿಕೆಯಿದೆ. ಆದರೆ ಹೊಸ ಪೀಪಾಯಿ ವೆನಿಲ್ಲಾದಂಥ ತನ್ನದೇ ವಾಸನೆಯನ್ನು ಬಿಡುವುದರಿಂದ ಕದರ್ಕಾದಂಥ ನವುರಾದ ವೈನಿಗೆ ಬಳಸಿ ಹಳತಾದ ದೊಡ್ಡ ಪೀಪಾಯಿಯೇ ಒಪ್ಪುತ್ತದೆ.

ಸೆಕ್ಸಾರ್ಡಿನವರು ಕದರ್ಕಾವನ್ನು ಕೇಕ್‌ಫ್ರಾಂಕೋಶ್ ಮೊದಲಾದವುಗಳೊಡನೆ ಬೆರೆಸಿ ಬಿಕಾವೇರ್, ಅಂದರೆ ‘ಗೂಳಿಯ ರಕ್ತ’ ಎಂಬ ವೈನನ್ನೂ ಮಾಡುತ್ತಾರೆ. 1552ರಲ್ಲಿ ಉತ್ತರ ಹಂಗೇರಿಯ ಎಗೆರ್ ಪಟ್ಟಣದ ಕೋಟೆಯನ್ನು ಮುತ್ತಿದ ಒಟ್ಟೊಮನ್ ಸೈನಿಕರು, ಎದುರಾಳಿಗಳ ಗಡ್ಡದಲ್ಲಿ ಇಳಿಯುತ್ತಿದ್ದ ಕೆಂಪು ವೈನನ್ನು ಗೂಳಿಯ ರಕ್ತವೆಂದು ತಿಳಿದು ಬೆದರಿದರೆಂಬ ಕಥೆ ಪ್ರಸಿದ್ಧ. ಕಥೆ ಚೆನ್ನಾಗಿದೆ, ಆದರೆ ಆ ಕಾಲದ ಎಗೆರ್ ಮುಖ್ಯವಾಗಿ ಬಿಳಿ ವೈನಿನ ಊರು. ಬಿಕಾವೇರ್ ಎಂಬ ಹೆಸರು ಬರಹದಲ್ಲಿ ಮೊದಲು ಕಾಣುವುದು ಸೆಕ್ಸಾರ್ಡಿನಲ್ಲೇ ಹುಟ್ಟಿದ ಕವಿ ಯಾನೋಶ್ ಗರಯ್ 1846ರಲ್ಲಿ ಬರೆದ ಪದ್ಯದಲ್ಲಿ, ಅದೂ ತನ್ನ ಊರಿನ ವೈನನ್ನು ಕುರಿತು.

ಡ್ಯಾನ್ಯೂಬ್ ದಡದವರು ಕದರ್ಕಾವನ್ನು ತುಸು ತಣ್ಣಗೆ ಮಾಡಿ, ಕಾರ್ಪ್ ಮೀನು, ಈರುಳ್ಳಿ ಮತ್ತು ಪಾಪ್ರಿಕಾ ಎಂಬ ಕೆಂಪು ಮೆಣಸಿನಕಾಯಿಯ ಪುಡಿ ಹಾಕಿ ಕುದಿಸಿದ ಹಲಾಸ್ಲೇ ಎಂಬ ಸಾರಿನೊಡನೆ ಕುಡಿಯುತ್ತಾರೆ. ಒಗರು ಹೆಚ್ಚಿದ ವೈನ್ ಖಾರದ ಉರಿಯನ್ನು ಕೆರಳಿಸುತ್ತದೆ, ಮೀನಿನ ರುಚಿಯನ್ನೂ ಕೆಡಿಸುತ್ತದೆ. ಟ್ಯಾನಿನ್ ಕಡಿಮೆಯಿರುವ ಈ ವೈನಿಗೆ ಆ ತೊಡಕಿಲ್ಲ. ಆ ಪುಡಿಗೆ ಹೆಸರಾದ ಕಲೋಚಾ ಪಟ್ಟಣ ನದಿಯ ಆಚೆ ದಡದಲ್ಲಿಯೇ ಇದೆ, ಮತ್ತು ಆ ಮೆಣಸಿನಕಾಯಿಯೂ ಒಟ್ಟೊಮನ್ನರ ಕಾಲದಲ್ಲಿ ಕದರ್ಕಾದಂತೆಯೇ ಬಾಲ್ಕನ್ ದಾರಿಯಾಗಿ ಹಂಗೇರಿಗೆ ಬಂದದ್ದು.